ಟಿಪ್ಪುವಿನ ಮನೆತನದ ಹೆಣ್ಣುಮಗಳು: ನೂರುನ್ನಿಸಾ ಇನಾಯತ್ ಖಾನ್

ಶ್ರೀರಂಗಪಟ್ಟಣದ ಕೋಟೆ ಇಂಗ್ಲಿಷರ ಕೈವಶವಾಗಿ ಟಿಪ್ಪು ಸುಲ್ತಾನನು ಮಡಿದುದು ೧೭೯೯ರ ಮೇ ೪ರಂದು. ಅದಾದ ೧೪೪ ವರುಷಗಳ ತರುವಾಯ, ಆತನ ವಂಶಕ್ಕೆ ಸೇರಿದವಳೆಂದು ಮನೆಯವರು ಹೇಳಿಕೊಂಡು ಬಂದ ಒಬ್ಬ ತರುಣಿ ಅದೇ ಇಂಗ್ಲಿಷರ ಪುಟ್ಟ ವಿಮಾನದಲ್ಲಿ ಕುಳಿತು, ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸ್ ದೇಶದ ಒಂದು ಹೊಲದಲ್ಲಿ ನಡುರಾತ್ರಿ ಇಳಿದಳು. ಇಳಿದವಳು ಹಿಂದಿರುಗಲಿಲ್ಲ. ಆಕೆಯೇ ನೂರುನ್ನಿಸಾ ಇನಾಯತ್ ಖಾನ್.

ವಾರ್ಷಿಕ ಸಂಚಿಕೆಗೆ ಯಾರಾದರೊಬ್ಬ ಕೀರ್ತಿಶೇಷರ ಚರಿತ್ರೆ ಬರೆದು ಕೊಡಬೇಕೆಂದು ಗುರುಗಳು ಹೇಳಿದಾಗ ನಾನು ಈ ಹೆಸರನ್ನು ಆರಿಸಿಕೊಂಡೆ. ಆ ಸಾಯಂಕಾಲ ವಸತಿಗೃಹದಲ್ಲಿ ದೊಡ್ಡ ವಾದವೇ ಎದ್ದಿತು. ಇಂಗ್ಲಿಷರ ಗುಪ್ತಚಾರಿಣಿಯಾಗಿ ದುಡಿದವಳು ನಮಗೇನಾಗಬೇಕು ಎಂದು ಗೆಳೆಯನೊಬ್ಬ ಕೇಳಿದ. ಆಕೆ ವಿಮಾನ ಏರುವುದಕ್ಕೆ ಎರಡೂವರೆ ತಿಂಗಳು ಮೊದಲು, ೧೯೪೩ರ ಏಪ್ರಿಲ್ ೧ರಂದು, ಅದೇ ಇಂಗ್ಲಿಷ್ ಸರಕಾರದ ಪೋಲೀಸರು ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರನ್ನು ಗುಂಡಿಟ್ಟು ಕೊಂದಿದ್ದರು. ಹೊಸರಿತ್ತಿ ಆಗ ನಮ್ಮ ಧಾರವಾಡ ಜಿಲ್ಲೆಯ ಊರು; ನನ್ನ ಹಳ್ಳಿಯೂ ಅದೇ ಸೀಮೆಯದು. ಗೆಳೆಯನ ಮಾತಿಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಅಂತಲೇ ಆಕೆಯ ಬಾಳನ್ನು ತುಸು ನಿಧಾನವಾಗಿ ಓದಿ ನೋಡಬೇಕಾಯಿತು.

ಧಾರವಾಡದವರಿಗೆ ಆಕೆಯನ್ನು ಪರಿಚಯಿಸಲು ರಾಜವಂಶಕ್ಕಿಂತ ಸಂಗೀತದ ದಾರಿಯೇ ಹತ್ತಿರದ್ದು. ಆಕೆಯ ತಂದೆಯ ಅಜ್ಜ ಮೌಲಾಬಕ್ಷರು ಉತ್ತರ ಹಿಂದುಸ್ಥಾನದಿಂದ ದಕ್ಷಿಣಕ್ಕೆ ಬಂದು, ಕರ್ನಾಟಕ ಸಂಗೀತವನ್ನೂ ಕಲಿತು, ಮೈಸೂರು ಅರಮನೆಯಲ್ಲಿ ಮನ್ನಣೆ ಪಡೆದ ಗಾಯಕರು. ಟಿಪ್ಪುವಿನ ಮೊಮ್ಮಗಳು ಕಾಸಿಂಬಿಯನ್ನು ಅವರು ಮದುವೆಯಾದರೆಂಬುದು ಮನೆತನದ ಹೇಳಿಕೆ. ಮುಂದೆ ಬಡೋದೆಯ ಸಯಾಜಿರಾವ್ ಮಹಾರಾಜರ ಆಶ್ರಯದಲ್ಲಿ ಅವರು ೧೮೮೬ರಲ್ಲಿ ಸಂಗೀತಶಾಲೆಯನ್ನು ತೆರೆದರು. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರೂ ಅದೇ ಬಡೋದೆಯ ದರ್ಬಾರಿನಲ್ಲಿ ಹಾಡಿದವರೆಂಬುದನ್ನು ನೆನೆದರೆ ದೂರದ ಕಥೆ ಸ್ವಲ್ಪ ಹತ್ತಿರವಾಗುತ್ತದೆ. ಮೌಲಾಬಕ್ಷರ ಮಗಳ ಮಗ ಇನಾಯತ್ ಖಾನರು ವೈಣಿಕರು, ಸೂಫೀ ಪಂಥದ ಸಾಧಕರು. ೧೯೧೦ರಲ್ಲಿ ಪಶ್ಚಿಮಕ್ಕೆ ಹೊರಟ ಅವರು ಓರಾ ರೇ ಬೇಕರ್ ಎಂಬ ಅಮೇರಿಕೆಯ ತರುಣಿಯನ್ನು ಲಗ್ನವಾದರು. ಅವರ ಹಿರಿಯ ಮಗಳೇ ನೂರ್. ಹುಟ್ಟಿದ್ದು ೧೯೧೪ರ ಜನವರಿಯಲ್ಲಿ, ರಷಿಯದ ಮಾಸ್ಕೋ ನಗರದಲ್ಲಿ. ಆಮೇಲೆ ಲಂಡನ್, ೧೯೨೦ರಲ್ಲಿ ಫ್ರಾನ್ಸ್, ೧೯೨೨ರಿಂದ ಪ್ಯಾರಿಸಿನ ಹತ್ತಿರದ ಸ್ಯುರೇನ್ ಎಂಬ ಊರಿನಲ್ಲಿ ಫಜಲ್ ಮಂಜಿಲ್ ಎಂದು ಹೆಸರಿಟ್ಟ ಮನೆ.

ಪತ್ರಿಕೆಗಳು ಆಕೆಯನ್ನು ರಾಜಕುಮಾರಿ ಎಂದು ಕರೆಯುವುದನ್ನು ಕಂಡಿದ್ದೇನೆ. ಯಾವ ರಾಜ್ಯದ ರಾಜಕುಮಾರಿ? ತಂದೆ ೧೯೨೭ರಲ್ಲಿ ದಿಲ್ಲಿಯಲ್ಲಿ ತೀರಿಕೊಂಡಾಗ ಆಕೆಗೆ ೧೩ ವರುಷ. ತಾಯಿ ದುಃಖದಿಂದ ಕೋಣೆ ಸೇರಿದಳು. ಇಬ್ಬರು ತಮ್ಮಂದಿರು, ಒಬ್ಬ ತಂಗಿ ಇವರ ಹೊಣೆ ನೂರಳ ಮೇಲೆ ಬಿದ್ದಿತು. ಮನೆಯ ಹಿರಿಯ ಮಗಳ ಪಾಲಿಗೆ ಏನು ಬರುತ್ತದೆಂಬುದನ್ನು ಈ ಸಂಚಿಕೆಯ ವಾಚಕರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಷ್ಟರಲ್ಲಿಯೇ ಆಕೆ ಸೊರ್ಬೋನ್ ವಿದ್ಯಾಪೀಠದಲ್ಲಿ ಬಾಲಮನಶ್ಶಾಸ್ತ್ರವನ್ನು ಓದಿದಳು. ವೀಣೆ, ಪಿಯಾನೋ, ಹಾರ್ಪ್ ಎಂಬ ಪಾಶ್ಚಾತ್ಯ ತಂತಿವಾದ್ಯ ಇವುಗಳನ್ನು ಕಲಿತಳು. ಮಕ್ಕಳಿಗಾಗಿ ಕಥೆ ಬರೆದಳು. ಬುದ್ಧನ ಜಾತಕ ಕಥೆಗಳಲ್ಲಿ ೨೦ನ್ನು ಆರಿಸಿ ಆಕೆ ಇಂಗ್ಲಿಷಿನಲ್ಲಿ ಹೇಳಿದ ಪುಸ್ತಕ ೧೯೩೯ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ತನ್ನ ಹಿಂಡು ದಾಟಿ ಹೋಗಲೆಂದು ಮೈಯನ್ನೇ ಸೇತುವೆಯಾಗಿ ಚಾಚಿದ ಕಪಿರಾಜನ ಕಥೆಯೂ ಅದರಲ್ಲಿದೆ. ಅದೇ ವರುಷ ಯುದ್ಧ ಪ್ರಾರಂಭವಾಯಿತು.

೧೯೪೦ರ ಜೂನ್ ೧೪ರಂದು ಜರ್ಮನ್ ಸೈನ್ಯ ಪ್ಯಾರಿಸ್ ಹೊಕ್ಕಿತು. ಅದಕ್ಕೆ ಮೊದಲೇ ಲಕ್ಷಾನುಗಟ್ಟಲೆ ಜನ ಗಂಟುಮೂಟೆ ಕಟ್ಟಿಕೊಂಡು ದಕ್ಷಿಣದ ದಾರಿ ಹಿಡಿದಿದ್ದರು. ನೂರಳ ಮನೆಯವರೂ ಆ ಗುಂಪಿನಲ್ಲಿಯೇ ಬೋರ್ಡೋ ಬಂದರವನ್ನು ತಲುಪಿ ಹಡಗು ಹತ್ತಿದರು. ಅವರು ಇಂಗ್ಲೆಂಡಿನಲ್ಲಿ ಇಳಿದ ಜೂನ್ ೨೨ರಂದೇ ಫ್ರಾನ್ಸ್ ಶರಣಾಗತಿಯ ಕರಾರಿಗೆ ಸಹಿ ಹಾಕಿತು.

ಆ ಕರಾರಿನ ಕೆಳಗೆ ಜನ ಹೇಗೆ ಬದುಕಿದರೆಂಬುದನ್ನು ತಿಳಿಯದೆ ನೂರಳ ಸಾಹಸದ ಬೆಲೆ ತಿಳಿಯದು. ಉತ್ತರದ ನಾಡೂ ಪಶ್ಚಿಮದ ಕಡಲ ದಂಡೆಯೂ ಜರ್ಮನರ ಕೈಗೆ. ಉಳಿದ ದಕ್ಷಿಣ ಭಾಗಕ್ಕೆ ವಿಶಿ ಎಂಬ ಊರಿನಲ್ಲಿ ಮುದುಕ ಸೇನಾನಿ ಪೇತಾನನ ಸರಕಾರ. ೧೯೪೨ರ ನವೆಂಬರಿನಲ್ಲಿ ಆ ಭಾಗಕ್ಕೂ ಜರ್ಮನ್ ಸೈನ್ಯ ನುಗ್ಗಿತು. ಸುಮಾರು ೧೮ ಲಕ್ಷ ಫ್ರೆಂಚ್ ಸೈನಿಕರು ಸೆರೆಯಾದರು. ತಮ್ಮನ್ನು ಆಳಲು ಬಂದ ಸೈನ್ಯದ ಖರ್ಚಿಗೆಂದು ಫ್ರೆಂಚರೇ ಮೊದಮೊದಲು ದಿನವೊಂದಕ್ಕೆ ೪೦ ಕೋಟಿ ಫ್ರಾಂಕು ತೆರಬೇಕಾಗಿತ್ತು. ಹೊಡೆತ ತಿಂದವನೇ ಹೊಡೆದವನ ಊಟದ ಖರ್ಚು ಕೊಡುವ ಈ ಲೆಕ್ಕ ನಮ್ಮ ದೇಶಕ್ಕೇನೂ ಹೊಸದಲ್ಲ. ೧೯೪೦ರ ಸಪ್ಟೆಂಬರಿನಿಂದ ರೇಶನ್ ಚೀಟಿಗಳು ಬಂದವು. ಬೇಕರಿಯ ಮುಂದೆ ಹೆಂಗಸರು ನಸುಕಿನಿಂದಲೇ ಪಾಳಿ ಹಚ್ಚಿ ನಿಲ್ಲುವರು. ದನಕ್ಕೆ ಹಾಕುತ್ತಿದ್ದ ಗಡ್ಡೆ ಮನುಷ್ಯರ ಪಲ್ಲೆಯಾಯಿತು. ಕಾಫಿಯ ಬದಲು ಹುರಿದ ಬಾರ್ಲಿಯ ಕಷಾಯ. ತೊಗಲು ಸಿಗದೆ ಚಪ್ಪಲಿಗೆ ಕಟ್ಟಿಗೆಯ ಅಟ್ಟೆ. ರಾತ್ರಿ ಹೊರಗೆ ಹೊರಡುವಂತಿಲ್ಲ. ಊರಿನ ಗಡಿಯಾರಗಳನ್ನು ಕೂಡ ಒಂದು ತಾಸು ಮುಂದೆ ಸರಿಸಿ ಬರ್ಲಿನ್ನಿನ ವೇಳೆಗೆ ಹೊಂದಿಸಿದರು. ಯುದ್ಧ ಮುಗಿದು ಎಂಬತ್ತು ವರುಷ ಕಳೆದರೂ ಫ್ರಾನ್ಸಿನ ಗಡಿಯಾರ ಬರ್ಲಿನ್ನಿನ ವೇಳೆಯನ್ನೇ ತೋರಿಸುತ್ತಿದೆಯೆಂಬುದು ವಿಚಿತ್ರವಾದರೂ ನಿಜ.

ಇವೆಲ್ಲ ಹೊಟ್ಟೆಬಟ್ಟೆಯ ಕಷ್ಟಗಳು. ಇವುಗಳಿಗಿಂತ ಘೋರವಾದುದು ಬೇರೆ. ೧೯೪೨ರ ಜೂನಿನಿಂದ ಪ್ಯಾರಿಸಿನ ಯೆಹೂದ್ಯರು ಎದೆಯ ಮೇಲೆ ಹಳದಿ ನಕ್ಷತ್ರವನ್ನು ಹೊಲಿದುಕೊಂಡು ತಿರುಗಬೇಕಾಯಿತು. ಮರುತಿಂಗಳು ೧೬ ಮತ್ತು ೧೭ನೆಯ ತಾರೀಖುಗಳಲ್ಲಿ ಸುಮಾರು ೧೩,೦೦೦ ಯೆಹೂದ್ಯರನ್ನು, ಅವರಲ್ಲಿ ೪,೦೦೦ಕ್ಕೂ ಮಿಕ್ಕಿ ಮಕ್ಕಳನ್ನು, ಮನೆಗಳಿಂದ ಎಳೆದು ತರಲಾಯಿತು. ಎಳೆದು ತಂದವರು ಜರ್ಮನ್ ಸಿಪಾಯಿಗಳಲ್ಲ, ಫ್ರೆಂಚ್ ಪೋಲೀಸರು. ನೆರೆಮನೆಯವರ ಮೇಲೆ ಹೆಸರಿಲ್ಲದ ಅರ್ಜಿ ಬರೆದು ಹಾಕುವ ಚಾಳಿಯೂ ಹಬ್ಬಿತು. ಪರದಾಸ್ಯವೆಂದರೆ ಪರರು ಬಂದು ಕೂಡುವುದಷ್ಟೇ ಅಲ್ಲ. ಅವರ ಕೆಲಸವನ್ನು ನಮ್ಮವರೇ ಮಾಡಿಕೊಡುವಂತಾಗುವುದು.

ಇತ್ತ ಇಂಗ್ಲೆಂಡಿನಲ್ಲಿ ನೂರ್ ಮತ್ತು ಆಕೆಯ ತಮ್ಮ ವಿಲಾಯತ್ ತಂದೆಯ ಅಹಿಂಸೆಯ ಬೋಧನೆಗೂ ಕಣ್ಣಮುಂದಿನ ಅನ್ಯಾಯಕ್ಕೂ ನಡುವೆ ಸಿಕ್ಕಿ ತೊಳಲಾಡಿದರು. ಕೊನೆಗೆ, ಕೊಲ್ಲುವ ಕೆಲಸ ಬೇಡ, ಆದರೆ ಕೊಲ್ಲುವವರಷ್ಟೇ ಅಪಾಯವಿರುವ ಕೆಲಸ ಹಿಡಿಯಬೇಕೆಂದು ನಿಶ್ಚಯಿಸಿದರು. ತಮ್ಮ ಕಡಲಿನಲ್ಲಿ ಹುದುಗಿಸಿಟ್ಟ ಸಿಡಿಗುಂಡುಗಳನ್ನು ತೆಗೆಯುವ ಹಡಗಿಗೆ ಸೇರಿದ. ಅಕ್ಕ ೧೯೪೦ರ ನವೆಂಬರಿನಲ್ಲಿ ವಿಮಾನದಳದ ಸ್ತ್ರೀವಿಭಾಗಕ್ಕೆ ಸೇರಿ ವಾಯರ್‌ಲೆಸ್ ವಿದ್ಯೆಯನ್ನು ಕಲಿತಳು. ೧೯೪೨ರಲ್ಲಿ ಮೇಲಿನ ಹುದ್ದೆಗಾಗಿ ಸಂದರ್ಶನಕ್ಕೆ ಹೋದಾಗ ಅಧಿಕಾರಿಗಳು ಹಿಂದುಸ್ಥಾನದ ಸ್ವಾತಂತ್ರ್ಯದ ವಿಷಯ ಎತ್ತಿದರು. ಯುದ್ಧ ಮುಗಿಯುವವರೆಗೆ ತಾನು ಬ್ರಿಟನ್ನಿಗೆ ನಿಷ್ಠಳು, ಆಮೇಲೆ ಹಿಂದುಸ್ಥಾನದ ಪಕ್ಷದಲ್ಲಿ ನಿಲ್ಲಬೇಕಾದೀತು ಎಂಬ ಅರ್ಥದಲ್ಲಿ ಆಕೆ ನೇರವಾಗಿ ಉತ್ತರಿಸಿದಳು. ನಮ್ಮಲ್ಲಿ ಚಲೇಜಾವ್ ಚಳವಳಿ ಹೊತ್ತಿ ಉರಿದ ವರುಷವದು. ಇಂಗ್ಲಿಷ್ ಅಧಿಕಾರಿಗಳ ಮುಂದೆ ಕುಳಿತು ನೌಕರಿ ಬೇಡುವ ಹೊತ್ತಿನಲ್ಲಿ ಹೀಗೆ ಹೇಳಲು ಎಷ್ಟು ಎದೆ ಬೇಕೆಂಬುದನ್ನು ಸಂದರ್ಶನಕ್ಕೆ ಕುಳಿತವರು ಬಲ್ಲರು.

ಶತ್ರುವಿನ ಹಿಡಿತದಲ್ಲಿದ್ದ ದೇಶಗಳಲ್ಲಿ ಗುಪ್ತವಾಗಿ ಪ್ರತಿಭಟನೆಯನ್ನು ಕಟ್ಟುವುದಕ್ಕೆ ಇಂಗ್ಲಿಷರು ಒಂದು ಪ್ರತ್ಯೇಕ ಸಂಸ್ಥೆಯನ್ನೇ ನಡೆಸುತ್ತಿದ್ದರು. ಫ್ರೆಂಚ್ ಭಾಷೆಯನ್ನು ತಾಯಿನುಡಿಯಂತೆ ಆಡುವ, ವಾಯರ್‌ಲೆಸ್ ಬಲ್ಲ ನೂರ್ ಅವರ ಕಣ್ಣಿಗೆ ಬಿದ್ದಳು. ತರಬೇತಿ ಕೊಟ್ಟವರಲ್ಲಿ ಕೆಲವರು ಆಕೆ ಈ ಕೆಲಸಕ್ಕೆ ತಕ್ಕವಳಲ್ಲವೆಂದು ಬರೆದರು. ಬಂದೂಕಿನ ಸಪ್ಪಳಕ್ಕೆ ಬೆಚ್ಚುವಳು, ಸುಳ್ಳು ಆಡಲು ಬಾರದವಳು, ಕನಸು ಕಾಣುವವಳು. ಈ ಟೀಕೆಯೆಲ್ಲ ಸುಳ್ಳೆಂದು ನಾನು ವಾದಿಸಲಾರೆ. ಆದರೆ ವಾಯರ್‌ಲೆಸ್ ಬಲ್ಲವರ ಕೊರತೆ ದೊಡ್ಡದಿತ್ತು. ೧೯೪೩ರ ಜೂನ್ ೧೬ರ ರಾತ್ರಿ ಆಕೆಯನ್ನು ಕಳಿಸಿಯೇ ಬಿಟ್ಟರು. ಇಂಗ್ಲೆಂಡಿನಿಂದ ಶತ್ರುವಶವಾದ ಫ್ರಾನ್ಸಿಗೆ ಹೋದ ಮೊದಲ ಮಹಿಳಾ ವಾಯರ್‌ಲೆಸ್ ಚಾಲಕಿ ಆಕೆ. ಗುಪ್ತನಾಮ ಮಾದ್ಲೇನ್, ಕಾಗದಪತ್ರಗಳಲ್ಲಿ ಝಾನ್ ಮಾರಿ ರೆನಿಯೇ ಎಂಬ ಮಕ್ಕಳ ದಾದಿ.

ವಾರ ಕಳೆಯಿತೋ ಇಲ್ಲವೋ, ಆಕೆ ಸೇರಬೇಕಾಗಿದ್ದ ಗುಪ್ತಜಾಲದ ನಾಯಕ ಫ್ರಾನ್ಸಿಸ್ ಸಟಿಲ್ ಜೂನ್ ೨೪ರಂದು ಸೆರೆಸಿಕ್ಕ. ಒಬ್ಬರ ಹಿಂದೊಬ್ಬರಂತೆ ನೂರಾರು ಜನ ಹಿಡಿಯಲ್ಪಟ್ಟರು. ಲಂಡನ್ನಿನವರು ಹಿಂದಿರುಗಿ ಬಾ ಎಂದು ಸೂಚಿಸಿದರು. ನೂರ್ ಒಪ್ಪಲಿಲ್ಲ. ತಾನು ಹೊರಟರೆ ಅಳಿದುಳಿದವರಿಗೂ ಲಂಡನ್ನಿಗೂ ನಡುವಿನ ತಂತಿಯೇ ಕಡಿದಂತೆ ಎಂಬುದು ಆಕೆಯ ಹಟ. ಮುಂದೆ ಕೆಲವು ಕಾಲ ಆ ವಿಭಾಗದ ಪಾಲಿಗೆ ಪ್ಯಾರಿಸಿನಲ್ಲಿ ಉಳಿದ ವಾಯರ್‌ಲೆಸ್ ಆಕೆಯದೊಂದೇ.

ಆ ಕೆಲಸದ ಬಗೆಯನ್ನು ಸ್ವಲ್ಪ ಹೇಳಬೇಕು. ಸುಮಾರು ೧೫ ಕಿಲೋ ತೂಕದ ಯಂತ್ರ, ಪೆಟ್ಟಿಗೆಯೊಳಗೆ ಅಡಗಿಸಿದ್ದು. ಹೊರಗೆ ಮಾರುಗಟ್ಟಲೆ ಉದ್ದದ ತಂತಿ ಎಳೆಯಬೇಕು. ಸಂದೇಶ ಹೊರಟಿತೆಂದರೆ ಅದು ಎಲ್ಲಿಂದ ಹೊರಟಿತೆಂದು ಪತ್ತೆ ಹಚ್ಚುವ ಜರ್ಮನರ ಮೋಟಾರುಗಳು ಬೀದಿಬೀದಿ ಸುತ್ತುತ್ತಿದ್ದವು. ಒಂದೇ ಜಾಗದಲ್ಲಿ ಇಪ್ಪತ್ತು ನಿಮಿಷ ಕುಳಿತರೆ ಸಾವು ಬಾಗಿಲು ಬಡಿದಂತೆಯೇ. ಇಂಥ ಚಾಲಕರು ಸಿಕ್ಕಿಬೀಳದೆ ಉಳಿಯುವುದು ಆರು ವಾರವೆಂದು ಅವರಲ್ಲಿ ಲೆಕ್ಕವಿತ್ತು. ನೂರ್ ಉಳಿದದ್ದು ಸುಮಾರು ನಾಲ್ಕು ತಿಂಗಳು. ಕೂದಲಿನ ಬಣ್ಣ ಬದಲಿಸುತ್ತ, ಮನೆ ಬದಲಿಸುತ್ತ, ಸೈಕಲ್ಲಿನ ಮೇಲೆಯೂ ನೆಲದಡಿಯ ರೈಲಿನಲ್ಲಿಯೂ ಪೆಟ್ಟಿಗೆ ಹೊತ್ತು ತಿರುಗಿದಳು. ಒಮ್ಮೆ ರೈಲಿನಲ್ಲಿ ಇಬ್ಬರು ಜರ್ಮನ್ ಸಿಪಾಯಿಗಳು ಪೆಟ್ಟಿಗೆಯಲ್ಲೇನಿದೆಯೆಂದು ಕೇಳಿದಾಗ, ಸಿನೆಮಾ ತೋರಿಸುವ ಯಂತ್ರವೆಂದು ಮುಚ್ಚಳ ಸರಿಸಿ ತೋರಿಸಿ ಪಾರಾದಳಂತೆ. ಸುಳ್ಳಾಡಲು ಬಾರದ ಹುಡುಗಿ! ಇನ್ನೊಮ್ಮೆ ಚಹದ ಬಟ್ಟಲಿಗೆ ಮೊದಲು ಹಾಲು ಹಾಕಿಬಿಟ್ಟಳಂತೆ. ಅದು ಇಂಗ್ಲಿಷರ ರೂಢಿ, ಫ್ರೆಂಚರದಲ್ಲ, ಇದರಿಂದಲೇ ಸಿಕ್ಕಿಬಿದ್ದೀಯೆ ಎಂದು ಜತೆಯವರು ಎಚ್ಚರಿಸಬೇಕಾಯಿತು.

ಹಿಂದಿರುಗುವ ಏರ್ಪಾಡು ಆಗಿದ್ದಾಗಲೇ, ೧೯೪೩ರ ಅಕ್ಟೋಬರ್ ನಡುವಿನಲ್ಲಿ, ಆಕೆ ಸಿಕ್ಕಿಬಿದ್ದಳು. ಹಿಡಿದವರು ತಾವಾಗಿ ಪತ್ತೆ ಮಾಡಲಿಲ್ಲ. ಹಣಕ್ಕಾಗಿ ಆಕೆಯ ವಿಳಾಸವನ್ನು ಮಾರಿದ್ದರು. ಫೋಶ್ ಬೀದಿಯ ೮೪ನೆಯ ಮನೆ ಜರ್ಮನ್ ಗುಪ್ತಪೋಲೀಸರ ಕಚೇರಿ. ಅಲ್ಲಿಗೆ ತಂದೊಡನೆಯೇ ಸ್ನಾನ ಮಾಡಬೇಕೆಂದು ನೆವ ಹೇಳಿ ಬಚ್ಚಲ ಕಿಟಕಿಯಿಂದ ಮಾಡಿನ ಅಂಚಿಗೆ ಇಳಿದಳು, ಹಿಡಿದರು. ನವೆಂಬರಿನಲ್ಲಿ ಬೇರಿಬ್ಬರು ಕೈದಿಗಳೊಡನೆ ಮಾಳಿಗೆಯ ಮೇಲಿಂದ ಪಾರಾಗಲು ಹೋದಾಗ ವಿಮಾನದಾಳಿಯ ಸೀಟಿ ಊದಿ, ಕೈದಿಗಳ ಎಣಿಕೆಯಾಗಿ, ಮತ್ತೆ ಹಿಡಿದರು. ಇನ್ನು ಓಡುವುದಿಲ್ಲವೆಂದು ಬರೆದುಕೊಡಲು ಹೇಳಿದರೆ ಬರೆದುಕೊಡಲಿಲ್ಲ. ಆಕೆಯಿಂದ ಒಂದು ಮಾಹಿತಿಯೂ ಹೊರಬರಲಿಲ್ಲವೆಂದು ಯುದ್ಧಾನಂತರ ಆ ಕಚೇರಿಯ ಮುಖ್ಯಾಧಿಕಾರಿಯೇ ಹೇಳಿಕೆ ಕೊಟ್ಟನು.

ಆದರೆ ಇಲ್ಲಿ ಒಂದು ಕಹಿಸಂಗತಿಯನ್ನು ಮುಚ್ಚಿಡಬಾರದು. ಕಳಿಸಿದ ಸಂದೇಶಗಳನ್ನೆಲ್ಲ ಆಕೆ ಒಂದು ವಹಿಯಲ್ಲಿ ಬರೆದಿಟ್ಟಿದ್ದಳು. ಮೇಲಿನವರ ಸೂಚನೆಯನ್ನು ತಪ್ಪಾಗಿ ತಿಳಿದುಕೊಂಡುದೇ ಇದಕ್ಕೆ ಕಾರಣವೆನ್ನುತ್ತಾರೆ. ಬಾಯಿ ಬಿಡದಿದ್ದರೇನು, ವಹಿ ಜರ್ಮನರ ಕೈಗೆ ಸಿಕ್ಕಿತು. ಅವರು ಆಕೆಯ ಯಂತ್ರದಿಂದಲೇ ಆಕೆಯ ಹೆಸರಿನಲ್ಲಿ ಲಂಡನ್ನಿಗೆ ಸಂದೇಶ ಕಳಿಸತೊಡಗಿದರು. ಅನುಮಾನಕ್ಕೆ ಎಡೆಯಿದ್ದರೂ ಲಂಡನ್ನಿನವರು ನಂಬಿದರು. ೧೯೪೪ರ ಫೆಬ್ರುವರಿಯ ಕೊನೆಯಲ್ಲಿ ಆ ನಂಬಿಕೆಯ ಮೇಲೆಯೇ ಕೊಡೆ ಕಟ್ಟಿಕೊಂಡು ಧುಮುಕಿದ ಮೂವರು ಇಳಿದಲ್ಲಿಯೇ ಸೆರೆಸಿಕ್ಕರು. ಅವರಲ್ಲೊಬ್ಬಳು ಮಾದ್ಲೇನ್ ದಾಮೆರ್ಮಾನ್ ಎಂಬ ಫ್ರೆಂಚ್ ತರುಣಿ. ತಪ್ಪು ಯಾರದು? ಅರ್ಧಂಬರ್ಧ ಕಲಿಸಿ ಕಳಿಸಿದವರದೇ ಹೆಚ್ಚಿನದೆಂದು ನನ್ನ ಅಭಿಪ್ರಾಯ. ಆದರೂ ವಹಿ ನೂರಳದು.

ನವೆಂಬರ್ ಕೊನೆಗೆ ಆಕೆಯನ್ನು ಜರ್ಮನಿಯ ಫೋರ್ಟ್ಸ್‌ಹೈಮ್ ಸೆರೆಮನೆಗೆ ಒಯ್ದರು. ಕೈಕಾಲುಗಳಿಗೆ ಸಂಕೋಲೆ, ಒಂಟಿ ಕೋಣೆ, ಹತ್ತು ತಿಂಗಳು. ಊಟದ ಬಟ್ಟಲಿನ ತಳದಲ್ಲಿ ಗೀಚಿ ಗೀಚಿ ಬೇರೆ ಕೋಣೆಯ ಫ್ರೆಂಚ್ ಹೆಣ್ಣುಮಕ್ಕಳಿಗೆ ತನ್ನ ಸುದ್ದಿ ಮುಟ್ಟಿಸಿದಳು. ಅಲ್ಲಿಯೂ ನಿಜವಾದ ಹೆಸರು ಬರೆಯಲಿಲ್ಲ. ನೋರಾ ಬೇಕರ್ ಎಂದು ತಾಯಿಯ ತವರಿನ ಹೆಸರನ್ನು ಬರೆದಳು. ೧೯೪೪ರ ಆಗಸ್ಟ್ ೨೫ರಂದು ಪ್ಯಾರಿಸ್ ಬಿಡುಗಡೆಯಾಯಿತು. ಅದಾಗಿ ಹತ್ತೊಂಬತ್ತು ದಿನಕ್ಕೆ, ಸಪ್ಟೆಂಬರ್ ೧೩ರಂದು, ಡಖಾವ್ ಶಿಬಿರದಲ್ಲಿ ಆಕೆಯನ್ನೂ ಮತ್ತೆ ಮೂವರು ಹೆಂಗಸರನ್ನೂ ಗುಂಡಿಟ್ಟು ಕೊಂದರು. ಯೋಲಾಂಡ್ ಬೀಕ್ಮನ್, ಎಲಿಯಾನ್ ಪ್ಲೂಮನ್, ಮೂರನೆಯವಳು ಅದೇ ಮಾದ್ಲೇನ್ ದಾಮೆರ್ಮಾನ್. ನೂರಳಿಗೆ ಆಗ ೩೦ ವರುಷ. ಯುದ್ಧ ಮುಗಿದ ಮೇಲೂ ಬಹುಕಾಲ ಆಕೆ ಬೇರೊಂದು ಶಿಬಿರದಲ್ಲಿ ಸತ್ತಳೆಂದೇ ತಿಳಿದಿದ್ದರು. ನಿಜ ಹೊರಬಿದ್ದದ್ದು ೧೯೪೭ರಲ್ಲಿ. ಫ್ರಾನ್ಸ್ ಕ್ರ್ವಾ ದ ಗೇರ್ ಪದಕವನ್ನೂ ಬ್ರಿಟನ್ ೧೯೪೯ರಲ್ಲಿ ಜಾರ್ಜ್ ಕ್ರಾಸ್ ಪದಕವನ್ನೂ ಕೊಟ್ಟವು. ಲಂಡನ್ನಿನ ಗಾರ್ಡನ್ ಚೌಕದಲ್ಲಿ ಆಕೆಯ ಪ್ರತಿಮೆ ನಿಂತದ್ದು ೨೦೧೨ರಲ್ಲಿ.

ಡಖಾವ್ ಶಿಬಿರದ ಬಾಗಿಲನ್ನು ಅಮೇರಿಕದ ಸೈನ್ಯ ತೆರೆದದ್ದು ೧೯೪೫ರ ಏಪ್ರಿಲ್ ೨೯ರಂದು. ಫ್ರಾನ್ಸಿನ ಹೆಂಗಸರು ಮೊಟ್ಟಮೊದಲು ಮತ ಹಾಕಿದ್ದೂ ಅದೇ ದಿನ. ಕಟ್ಟಿಗೆಯ ಅಟ್ಟೆಯ ಚಪ್ಪಲಿ ಮೆಟ್ಟಿ ರೊಟ್ಟಿಗಾಗಿ ಪಾಳಿ ನಿಂತವರು, ಚೀಟಿ ಮುಟ್ಟಿಸಿದವರು, ಅಡಗಿದವರಿಗೆ ಊಟ ಒಯ್ದವರು, ಅವರೇ ಅಂದು ಮತಪೆಟ್ಟಿಗೆಯ ಮುಂದೆ ಪಾಳಿ ನಿಂತರು. ಇದು ಆ ನಾಲ್ಕು ವರುಷಗಳು ಬಿಟ್ಟುಹೋದ ಒಳ್ಳೆಯ ಆಸ್ತಿ. ಕೆಟ್ಟ ಆಸ್ತಿಯನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. ದೇಶವೆಲ್ಲ ಜರ್ಮನರನ್ನು ಎದುರಿಸಿ ನಿಂತಿತ್ತೆಂದೇ ಎರಡು ತಲೆಮಾರಿನ ಫ್ರೆಂಚ್ ಮಕ್ಕಳು ಕೇಳಿ ಬೆಳೆದರು. ಯೆಹೂದ್ಯರನ್ನು ಹಿಡಿದುಕೊಟ್ಟುದರಲ್ಲಿ ಫ್ರೆಂಚ್ ರಾಜ್ಯದ ಹೊಣೆಯಿದೆಯೆಂದು ರಾಷ್ಟ್ರಾಧ್ಯಕ್ಷ ಶಿರಾಕ್ ಬಹಿರಂಗವಾಗಿ ಒಪ್ಪಿಕೊಂಡದ್ದು ೧೯೯೫ರ ಜುಲೈ ೧೬ರಂದು, ಐವತ್ತಮೂರು ವರುಷಗಳ ತರುವಾಯ.

ಇದನ್ನು ಓದಿದ ಮೇಲೆ ನನ್ನ ಗೆಳೆಯನಿಗೆ ಇಷ್ಟು ಹೇಳಿದೆ: ನೂರ್ ಇಂಗ್ಲಿಷರಿಗಾಗಿ ಹೋದವಳಲ್ಲ, ತಾನು ಬೆಳೆದ ಊರು ಪರರ ಕಾಲಡಿ ಬಿದ್ದಿತ್ತು, ಅದಕ್ಕಾಗಿ ಹೋದಳು, ಹೋಗಲು ವಿಮಾನವಿದ್ದುದು ಇಂಗ್ಲಿಷರಲ್ಲಿ. ಹದಿನೆಂಟು ತುಂಬಿದ ಹೊಸತಿನಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದ ಮೋಟೆಬೆನ್ನೂರಿನ ಮಹಾದೇವಪ್ಪನವರೂ ತಮ್ಮ ಊರುಗಳಿಗಾಗಿಯೇ ಹೊಸರಿತ್ತಿಗೆ ಹೋದರು. ದೇವಸ್ಥಾನದಲ್ಲಿ ಪೋಲೀಸ್ ಕಾವಲಿನಲ್ಲಿ ಇರಿಸಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದ ಅವರೊಡನೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಇವರೂ ಬಿದ್ದರು. ಗುಂಡು ಹಾರಿಸಿದ ಸಿಪಾಯಿಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವರಲ್ಲ. ಕಂದಾಯದ ಹಣವೂ ತಾನಾಗಿ ನಡೆದು ಬಂದಿರಲಿಲ್ಲ.

ಗೆಳೆಯನಿಗೆ ಹೇಳದೆ ಬಿಟ್ಟ ಒಂದು ಮಾತಿದೆ. ನನ್ನ ಮುತ್ತಜ್ಜ ಅದೇ ಸೀಮೆಯ ಒಂದು ಹಳ್ಳಿಯಲ್ಲಿ ಚಾವಡಿಯ ವಾಲೀಕಾರನಾಗಿದ್ದ. ಕಂದಾಯ ಕೊಡದವರನ್ನು ಕರೆತರುವುದು, ಕೂಡಿದ ಹಣದ ಚೀಲಕ್ಕೆ ಕಾವಲು ಹೋಗುವುದು ಅವನ ಕೆಲಸ. ಸರಕಾರ ಕೊಟ್ಟ ಹಿತ್ತಾಳೆಯ ಬಿಲ್ಲೆ ನಮ್ಮ ಟ್ರಂಕಿನಲ್ಲಿ ಇಂದಿಗೂ ಇದೆ. ಚಿಕ್ಕವನಿದ್ದಾಗ ಅದನ್ನು ಎದೆಗೆ ಸಿಕ್ಕಿಸಿಕೊಂಡು ಮೆರೆದಿದ್ದೇನೆ. ಹೊಸರಿತ್ತಿಯ ಸುದ್ದಿ ಬಂದ ದಿನ ಮುತ್ತಜ್ಜ ಆ ಬಿಲ್ಲೆಯನ್ನು ತೆಗೆದು ತೊಲೆಯ ಸಂದಿನಲ್ಲಿಟ್ಟು, ಮೂರು ದಿನ ಚಾವಡಿಯ ಕಡೆ ಹಾಯಲಿಲ್ಲವಂತೆ. ಇದನ್ನು ಅಜ್ಜಿ ತನ್ನ ತಾಯಿಯಿಂದ ಕೇಳಿದ್ದಳು. ಅಷ್ಟು ಹೇಳಿ ಅಜ್ಜಿ ಯಾವಾಗಲೂ ನಿಲ್ಲಿಸಿಬಿಡುತ್ತಿದ್ದಳು. ಈ ದೀಪಾವಳಿಯ ಸೂಟಿಯಲ್ಲಿ ಊರಿಗೆ ಹೋದಾಗ, ಮುಂದೇನಾಯಿತೆಂದು ಕೇಳಿದೆ. ನಾಲ್ಕನೆಯ ದಿನ ಬಿಲ್ಲೆ ಹಾಕಿಕೊಂಡು ಹೋದನಂತೆ. ಮನೆಯಲ್ಲಿ ಉಣ್ಣುವವರು ಒಂಬತ್ತು ಮಂದಿ.